ಹೊಟ್ಟೆ ಸರಿಹೋಯಿತು, ಅಂಗೈ ತುಂಬ ಕೀವುಗುಳ್ಳೆ: ಬಯೋಲಾಜಿಕ್ ತಗೊಳ್ಳುವವರಿಗೆ ಯಾರಿಗಾದರೂ ಹೀಗಾಗಿದೆಯಾ?

ಬೆಣ್ಣೆದೋಸೆ_ಬಿಟ್ಟವಳು · ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ನನಗೆ ಕ್ರೋನ್ಸ್, ಅಂದರೆ ಕರುಳಿನಲ್ಲಿ ಉರಿಯೂತ, ಹುಣ್ಣು ಆಗುವ ದೀರ್ಘಕಾಲದ ಕಾಯಿಲೆ. ವಯಸ್ಸು 36. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಶುರುವಿನಲ್ಲಿ ಕರುಳಿನ ಟಿಬಿ ಇರಬಹುದು ಎಂದು ಆರು ತಿಂಗಳು ಟಿಬಿ ಮಾತ್ರೆ ನುಂಗಿದ್ದಾಯಿತು (ನಿಮ್ಮಲ್ಲಿ ಎಷ್ಟೋ ಜನರ ಕಥೆ ಇದೇ ಅಲ್ವಾ). ಆಮೇಲೆ ಸ್ಟೆರಾಯ್ಡ್, ಅಜಥಯೋಪ್ರಿನ್. ಯಾವುದಕ್ಕೂ ಹೊಟ್ಟೆ ಬಗ್ಗಲಿಲ್ಲ. ಎಂಟು ತಿಂಗಳ ಹಿಂದೆ ಅಡಾಲಿಮುಮ್ಯಾಬ್ ಎಂಬ ಬಯೋಲಾಜಿಕ್ (ಜೀವಕೋಶಗಳಿಂದ ತಯಾರಿಸುವ ಔಷಧಿ) ಇಂಜೆಕ್ಷನ್ ಶುರು ಮಾಡಿದರು. ಮೊದಲ ದಿನ 160, ಎರಡು ವಾರ ಬಿಟ್ಟು 80, ಈಗ ಹದಿನೈದು ದಿನಕ್ಕೊಂದು ಸಲ 40 ಮಿಲಿಗ್ರಾಂ.

ಹೊಟ್ಟೆಯ ಮಟ್ಟಿಗೆ ಇದು ಪುನರ್ಜನ್ಮ. ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನ ಉರಿಯೂತ ಎಷ್ಟಿದೆ ಎಂದು ತೋರಿಸುವ ಮಲದ ಪರೀಕ್ಷೆ) 900 ಚಿಲ್ಲರೆ ಇದ್ದದ್ದು 70ಕ್ಕೆ ಬಂತು. ಪಾಠದ ಮಧ್ಯೆ ಚಾಕ್‌ಪೀಸ್ ಬಿಟ್ಟು ಓಡುವುದು ನಿಂತಿತು.

ಎರಡು ತಿಂಗಳ ಹಿಂದೆ ಬಲಗೈ ಅಂಗೈಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದವು. ಒಳಗೆ ಹಳದಿ ಕೀವು. ಒಣಗಿ ಕಂದು ಚುಕ್ಕೆಯಾಗಿ, ಸಿಪ್ಪೆ ಏಳುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಹೊಸದು. ಚಾಕ್‌ಪೀಸ್ ಪುಡಿ ಇರಬಹುದು ಎಂದುಕೊಂಡೆ. ಪಾತ್ರೆ ತಿಕ್ಕುವ ಸೋಪು ಬದಲಿಸಿದೆ. ಆಮೇಲೆ ಅಂಗಾಲಿಗೂ ಬಂತು. ಕಾಲಿನಲ್ಲಿ ಯಾರು ಚಾಕ್‌ಪೀಸ್ ಹಿಡಿಯುತ್ತಾರೆ? ಈಗ ತಲೆಯಲ್ಲೂ ದಪ್ಪ ಹೊಟ್ಟು. ಕೀವು ಎಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಎರಡು ಕೋರ್ಸ್ ಆಂಟಿಬಯೋಟಿಕ್ ಕೊಟ್ಟರು. ಏನೂ ಆಗಲಿಲ್ಲ.

ಅತ್ತೆ "ಆ ಸೂಜಿಯ ಉಷ್ಣ, ಬಿಟ್ಟುಬಿಡು" ಎನ್ನುತ್ತಾರೆ. ಮುಂದಿನ ಇಂಜೆಕ್ಷನ್ ಗುರುವಾರ. ನನ್ನ ಗ್ಯಾಸ್ಟ್ರೋ ಡಾಕ್ಟರು ಸಿಗುವುದು ಬರುವ ತಿಂಗಳು. ಬಿಡಲಾ, ಹಾಕಿಕೊಳ್ಳಲಾ?

ಗಿರ್ಮಿಟ್_ಗೆಳೆಯ · ಹುಬ್ಬಳ್ಳಿ

ಅಕ್ಕಾರ, ಮೊದಲು ಒಂದು ಮಾತು. ನೀವು ಒಬ್ಬರೇ ಅಲ್ಲ. ನನಗೆ ಇನ್‌ಫ್ಲಿಕ್ಸಿಮ್ಯಾಬ್ ಶುರುವಾಗಿ ಹದಿನಾಲ್ಕು ತಿಂಗಳಿಗೆ ತಲೆ, ಕಿವಿಯ ಹಿಂದೆ, ತೊಡೆ ಸಂದಿನಲ್ಲಿ ಬಂತು. ತೊಡೆ ಸಂದಿನದನ್ನು ನಾನು ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಗ್ಯಾಸ್ಟ್ರೋ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ರಿಪೋರ್ಟ್ ಚೆನ್ನಾಗಿದೆ ಎಂದು ಬೆನ್ನು ತಟ್ಟಿದರು, ನಾನು ಹಲ್ಲು ಕಿಸಿದು ಎದ್ದುಬಂದೆ. ಚರ್ಮ ಅವರು ಕೇಳಲಿಲ್ಲ, ನಾನು ತೋರಿಸಲಿಲ್ಲ.

ಒಂದು ಸಲಹೆ: ಬರುವ ತಿಂಗಳವರೆಗೆ ಕಾಯಬೇಡಿ. ಕೈಯ ಫೋಟೋ ತೆಗೆದು, ಎಂದಿನಿಂದ ಶುರುವಾಯಿತು ಎಂದು ಎರಡು ಸಾಲು ಬರೆದು ಅವರ ಆಸ್ಪತ್ರೆಗೆ ಇವತ್ತೇ ಕಳಿಸಿ. ಹಗಲು ಬೆಳಕಿನಲ್ಲಿ ತೆಗೆಯಿರಿ, ಟ್ಯೂಬ್‌ಲೈಟ್ ಕೆಳಗೆ ಎಲ್ಲವೂ ಒಂದೇ ಥರ ಕಾಣುತ್ತದೆ.

ಸಿಪ್ಪೆಸುಲಿ · ಮೈಸೂರು · ಚರ್ಮವೈದ್ಯೆ

ಫೋಟೋ ಕೂಡ ನೋಡದೆ ನಾನು ರೋಗದ ಹೆಸರು ಹೇಳುವುದಿಲ್ಲ. ಆದರೆ ಟಿಎನ್‌ಎಫ್ ತಡೆಯುವ ಔಷಧಿ (ಅಡಾಲಿಮುಮ್ಯಾಬ್, ಇನ್‌ಫ್ಲಿಕ್ಸಿಮ್ಯಾಬ್ ಎರಡೂ ಇದೇ ಗುಂಪು) ತಗೊಳ್ಳುವವರಿಗೆ ಅಂಗೈ, ಅಂಗಾಲು, ತಲೆಯಲ್ಲಿ ಇಂಥದ್ದು ಬಂದರೆ ನಮ್ಮ ತಲೆಗೆ ಮೊದಲು ಬರುವುದು ಪ್ಯಾರಡಾಕ್ಸಿಕಲ್ ಸೋರಿಯಾಸಿಸ್. ನಮ್ಮ ಓಪಿಡಿಯಲ್ಲಿ "ಉಲ್ಟಾ ಸೋರಿಯಾಸಿಸ್" ಎನ್ನುತ್ತೇವೆ. ಉಲ್ಟಾ ಯಾಕೆಂದರೆ, ಸೋರಿಯಾಸಿಸ್ ಹತೋಟಿಗೆ ತರಲು ನಾವೇ ಬರೆದುಕೊಡುವ ಔಷಧಿ ಇದು! ಅದೇ ಔಷಧಿ, ಯಾವತ್ತೂ ಸೋರಿಯಾಸಿಸ್ ಇಲ್ಲದ ಕೆಲವರಿಗೆ ಅದನ್ನು ತರುತ್ತದೆ.

ಯಾಕೆ ಹೀಗೆ? ಟಿಎನ್‌ಎಫ್ ಉರಿಯೂತ ಹಬ್ಬಿಸುವ ಸಂದೇಶವಾಹಕ. ಅದಕ್ಕೇ ಅದನ್ನು ತಡೆದರೆ ಕರುಳಿನ ಹುಣ್ಣು ಮಾಯುತ್ತದೆ. ಅದಕ್ಕೆ ಇನ್ನೊಂದು ಕೆಲಸವೂ ಇದೆ. ಇಂಟರ್‌ಫೆರಾನ್ ಎಂಬ ಇನ್ನೊಂದು ಸಂದೇಶವನ್ನು ತಯಾರಿಸುವ ಕೆಲವು ಜೀವಕೋಶಗಳನ್ನು ಅದು ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ. ಏತ ನೋಡಿದ್ದೀರಲ್ಲ? ಒಂದು ತುದಿ ಕೆಳಗೆ ಹೋದರೆ ಇನ್ನೊಂದು ಮೇಲೆ. ಟಿಎನ್‌ಎಫ್ ಇಳಿಸಿದಾಗ ಕೆಲವರ ಚರ್ಮದಲ್ಲಿ ಇಂಟರ್‌ಫೆರಾನ್ ಏರುತ್ತದೆ, ಸೋರಿಯಾಸಿಸ್ ಥರದ ಉರಿ ಹತ್ತಿಕೊಳ್ಳುತ್ತದೆ. ಆ ಕೀವಿನಲ್ಲಿ ರೋಗಾಣು ಇರುವುದಿಲ್ಲ. ಆಂಟಿಬಯೋಟಿಕ್‌ಗೆ ಬಗ್ಗದಿರುವುದು ಅದಕ್ಕೇ.

ಇದು ಶುರುವಾಗಲು ಕೆಲವು ವಾರವೂ ಸಾಕು, ಕೆಲವು ವರ್ಷವೂ ಆಗಬಹುದು. ಹೊಟ್ಟೆ ತಣ್ಣಗಿದ್ದಾಗಲೂ ಬರುತ್ತದೆ. ಹಾಗಾಗಿ "ಔಷಧಿ ಸೋತಿತು" ಎಂದು ತಿಳಿಯಬೇಡಿ.

ಗುರುವಾರದ ಬಗ್ಗೆ: ನೀವೇ ನಿಲ್ಲಿಸಬೇಡಿ. ಇದು ಸ್ವಲ್ಪವೇ ಇದ್ದರೆ ಇಂಜೆಕ್ಷನ್ ಮುಂದುವರಿಸಿ, ಚರ್ಮಕ್ಕೆ ಬೇರೆ ಚಿಕಿತ್ಸೆ ಕೊಡುವುದೇ ಸಾಮಾನ್ಯ. ಸ್ಟೆರಾಯ್ಡ್ ಮುಲಾಮು, ಕ್ಯಾಲ್ಸಿಪೋಟ್ರಿಯಾಲ್, ಜಿಡ್ಡಿನ ಮುಲಾಮು, ಬೇಕಾದರೆ ಬೆಳಕಿನ ಚಿಕಿತ್ಸೆ. ಆದರೆ ಜ್ವರ, ಮೈಯೆಲ್ಲ ಕೀವುಗುಳ್ಳೆ, ಬಾಯಿ ಕಣ್ಣು ಹುಣ್ಣಾಗುವುದು, ಚರ್ಮ ಸುಲಿಯುವುದು, ಇವುಗಳಲ್ಲಿ ಒಂದಿದ್ದರೂ ಡೋಸ್ ಹಾಕಿಕೊಳ್ಳದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ನೀವು ಸೇದುವುದಿಲ್ಲ ಎಂದುಕೊಂಡಿದ್ದೇನೆ. ಓದುವ ಬೇರೆಯವರಿಗೆ ಹೇಳುತ್ತೇನೆ, ಅಂಗೈ ಅಂಗಾಲಿನ ಕೀವುಗುಳ್ಳೆಗೂ ಸಿಗರೇಟಿಗೂ ಹಳೇ ನಂಟು. ಕ್ರೋನ್ಸ್‌ಗೂ ಅದು ವೈರಿ.

ಬೆಣ್ಣೆದೋಸೆ_ಬಿಟ್ಟವಳು

ಜ್ವರ ಇಲ್ಲ, ಬೇರೆ ಏನೂ ಇಲ್ಲ. ಫೋಟೋ ಕಳಿಸಿದ್ದೇನೆ. ಇನ್ನೊಂದು ಅನುಮಾನ. ನಾನು ಹಾಕಿಕೊಳ್ಳುವುದು ನಮ್ಮ ದೇಶದಲ್ಲೇ ತಯಾರಾದ ಬ್ರಾಂಡ್. ಅದಕ್ಕೇ ಹೀಗಾಯಿತಾ? ತಮ್ಮ ಹಾಗೆನ್ನುತ್ತಾನೆ.

ನಿವೃತ್ತ_ರಸಾಯನ · ಮಂಗಳೂರು

ಇಲ್ಲಮ್ಮ. ವಿದೇಶದ ಮೂಲ ಬ್ರಾಂಡಿನಲ್ಲೂ ಇದು ಬಂದಿದೆ, ಅದರ ಜೊತೆ ಬರುವ ಚೀಟಿಯಲ್ಲೇ ಬರೆದಿದೆ. ಅಡಾಲಿಮುಮ್ಯಾಬ್‌ನ ಪ್ರತಿರೂಪವನ್ನು ಜಗತ್ತಿನಲ್ಲಿ ಮೊದಲು ಮಾರುಕಟ್ಟೆಗೆ ತಂದದ್ದೇ ನಮ್ಮವರು, 2014ರ ಡಿಸೆಂಬರ್‌ನಲ್ಲಿ, ಅಹಮದಾಬಾದಿನ ಝೈಡಸ್. ಅಡ್ಡಪರಿಣಾಮ ಬರುವುದು ಟಿಎನ್‌ಎಫ್ ತಡೆದದ್ದಕ್ಕೆ, ಊರಿನ ಹೆಸರಿಗಲ್ಲ.

ಪಾಠ ಮಾಡುವ ಚಟ ಹೋಗಿಲ್ಲ, ಕ್ಷಮಿಸಿ. ಈ ಹೆಸರುಗಳ ಒಳಗೇ ಗುಟ್ಟಿದೆ. ಕೊನೆಯ "ಮ್ಯಾಬ್" ಎಂದರೆ ಪ್ರತಿಕಾಯ. ಅದರ ಹಿಂದಿನ ಅಕ್ಷರ ನೋಡಿ. ಇನ್‌ಫ್ಲಿ-ಕ್ಸಿ-ಮ್ಯಾಬ್: "ಕ್ಸಿ" ಇದ್ದರೆ ಸ್ವಲ್ಪ ಭಾಗ ಇಲಿಯದು, ಉಳಿದದ್ದು ಮನುಷ್ಯನದು. ವೆಡೋಲಿ-ಜು-ಮ್ಯಾಬ್: "ಜು" ಇದ್ದರೆ ಬಹುಪಾಲು ಮನುಷ್ಯನದು. ಅಡಾಲಿಮ್-ಉ-ಮ್ಯಾಬ್: "ಉ" ಇದ್ದರೆ ಪೂರ್ತಿ ಮನುಷ್ಯನದು. ಇನ್‌ಫ್ಲಿಕ್ಸಿಮ್ಯಾಬ್ ಅಮೆರಿಕದಲ್ಲಿ ಕ್ರೋನ್ಸ್‌ಗೆ ಒಪ್ಪಿಗೆ ಪಡೆದದ್ದು 1998ರಲ್ಲಿ, ಈ ಗುಂಪಿನ ಹಿರಿಯಣ್ಣ ಅದು.

ನನ್ನ ಚರ್ಮದ ಕಥೆ ಬೇರೆ, ಆ ಇಲಿಯ ಪಾಲಿಗೆ ಸೇರಿದ್ದು. ಇನ್‌ಫ್ಲಿಕ್ಸಿಮ್ಯಾಬ್ 0, 2, 6ನೇ ವಾರ, ಆಮೇಲೆ ಎಂಟು ವಾರಕ್ಕೊಮ್ಮೆ ಎಂದು ಚೆನ್ನಾಗಿ ನಡೆಯುತ್ತಿತ್ತು. ಇನ್ಶೂರೆನ್ಸ್ ಗಲಾಟೆಯಲ್ಲಿ ಐದು ತಿಂಗಳು ತಪ್ಪಿತು. ಮತ್ತೆ ಹಾಕಿಸಿಕೊಂಡ ದಿನ ಡ್ರಿಪ್ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಕುತ್ತಿಗೆ ಬಿಸಿಯಾಯಿತು, ಎದೆ ಮೇಲೆ ಪಿತ್ತದ ಗಂಧೆ, ತುರಿಕೆ. ನರ್ಸ್ ತಕ್ಷಣ ಡ್ರಿಪ್ ನಿಲ್ಲಿಸಿ, ಏವಿಲ್ ಮತ್ತು ಹೈಡ್ರೋಕಾರ್ಟಿಸೋನ್ ಕೊಟ್ಟರು. ಬಿಟ್ಟು ಬಿಟ್ಟು ಹಾಕಿದರೆ ದೇಹ ಆ ಔಷಧಿಯ ವಿರುದ್ಧವೇ ಪ್ರತಿಕಾಯ ಕಟ್ಟುವುದು ಜಾಸ್ತಿಯಂತೆ. ವಾರದ ಮೇಲೆ ಇನ್ನೊಂದು ಸುತ್ತು ಬಂತು: ಜ್ವರ, ಕೀಲುನೋವು, ಮೈಮೇಲೆ ದದ್ದು. ಅದಕ್ಕೂ ಇದಕ್ಕೂ ಒಂದೇ ಬೇರು. ಈಗ ನಾನು ವೆಡೋಲಿಜುಮ್ಯಾಬ್‌ನಲ್ಲಿದ್ದೇನೆ. ಅದರ ಕೆಲಸ ಮುಖ್ಯವಾಗಿ ಕರುಳಿನಲ್ಲೇ, ಚರ್ಮದ ತಂಟೆಗೆ ಹೋದದ್ದು ನನ್ನಲ್ಲಂತೂ ಇಲ್ಲ.

ದುಡ್ಡಿನ ಕಾರಣಕ್ಕೆ ಡೋಸ್ ಮುಂದೂಡುವವರು ನಮ್ಮಲ್ಲಿ ಬಹಳ. ಮುಂದೂಡುವ ಮೊದಲೇ ಡಾಕ್ಟರಿಗೆ ಹೇಳಿ, ನಾಚಿಕೆ ಬೇಡ.

ಪ್ರಕೃತಿಪ್ರಿಯ

ಇದೆಲ್ಲ ರಾಸಾಯನಿಕದ ಫಲ. ಇಂಜೆಕ್ಷನ್ ಬಿಡಿ. ಬೇವಿನ ಎಲೆ ಅರೆದು ಕೈಗೆ ಮೆತ್ತಿ, ಅರಿಶಿನದ ನೀರು ಕುಡಿಯಿರಿ. 40 ದಿನದಲ್ಲಿ ಹೊಟ್ಟೆ, ಚರ್ಮ ಎರಡೂ ಶುದ್ಧ.

ಗಿರ್ಮಿಟ್_ಗೆಳೆಯ

ನಾನು ಆ 40 ದಿನ ಮಾಡಿ ನೋಡಿದ್ದೇನೆ ಸರ್. 41ನೇ ದಿನ ಆಸ್ಪತ್ರೆಯಲ್ಲಿದ್ದೆ, ಸಣ್ಣಕರುಳು ಕಟ್ಟಿಕೊಂಡಿತ್ತು. ಒಡೆದ ಚರ್ಮದ ಮೇಲೆ ಬೇವು ಮೆತ್ತಿದರೆ ಎಷ್ಟು ಉರಿಯುತ್ತದೆ ಎಂದೂ ಗೊತ್ತು.

ಲೀಡ್ಸ್_ಲಿಂಗಣ್ಣ · ಇಂಗ್ಲೆಂಡ್

ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಲಿ ಬಿಡಿ, ಅದಕ್ಕೆ ಯಾರ ತಕರಾರೂ ಇಲ್ಲ :)

ಒಂದು ಅನುಭವ ಹೇಳಬೇಕು. ನನ್ನ ಕಾಲಿಗೆ ಬಂದಾಗ ಇಲ್ಲಿನ ಡಾಕ್ಟರು "ಕೆಂಪಾಗಿದೆಯಾ?" ಎಂದು ಕೇಳಿದರು. ನಾನು ಇಲ್ಲ ಎಂದೆ. ಸುಳ್ಳಲ್ಲ, ನನ್ನ ಬಣ್ಣಕ್ಕೆ ಅದು ಕೆಂಪಾಗಿ ಕಾಣುವುದೇ ಇಲ್ಲ. ಕಂದು, ಬೂದು, ಕೆಲವೊಮ್ಮೆ ನೇರಳೆ. ಪುಸ್ತಕದ ಚಿತ್ರಗಳೆಲ್ಲ ಬಿಳಿ ಚರ್ಮದವು. ಆ ಒಂದು "ಇಲ್ಲ"ದಿಂದ ನನಗೆ ಎರಡು ತಿಂಗಳು ಹೋಯಿತು. ಮಾಯ್ದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಿತು. ಅದು ರೋಗ ಅಲ್ಲ, ಗುರುತು ಅಷ್ಟೇ. ಆದರೂ ಕನ್ನಡಿ ಮುಂದೆ ನಿಂತಾಗ ಆ ವ್ಯತ್ಯಾಸ ಯಾರಿಗೆ ಸಮಾಧಾನ.

ನನಗೆ ಮೊದಲು ಇನ್‌ಫ್ಲಿಕ್ಸಿಮ್ಯಾಬ್‌ನಿಂದ ಅಡಾಲಿಮುಮ್ಯಾಬ್‌ಗೆ ಬದಲಿಸಿದರು. ಮತ್ತೆ ಬಂತು. ಆಮೇಲೆ ಉಸ್ಟೆಕಿನುಮ್ಯಾಬ್. ಅದು ತಡೆಯುವುದು ಬೇರೆಯದನ್ನು, ಸೋರಿಯಾಸಿಸ್‌ಗೂ ಕೊಡುತ್ತಾರೆ. ಅಲ್ಲಿಗೆ ನಿಂತಿತು.

ಸಿಪ್ಪೆಸುಲಿ · ಮೈಸೂರು · ಚರ್ಮವೈದ್ಯೆ

ಲಿಂಗಣ್ಣ ಹೇಳಿದ್ದು ಮುಖ್ಯ. ಒಂದು ಟಿಎನ್‌ಎಫ್ ತಡೆಯಿಂದ ಇನ್ನೊಂದಕ್ಕೆ ಹೋದರೆ ಅನೇಕರಿಗೆ ಮತ್ತೆ ಬರುತ್ತದೆ. ಬದಲಿಸುವುದಾದರೆ ಗುಂಪನ್ನೇ ಬದಲಿಸುವುದು ವಾಸಿ.

ಇನ್ನೊಂದು ವಿಷಯ, ಇದನ್ನು ನಮ್ಮವರಿಗೇ ಹೇಳಬೇಕು. ಸೋರಿಯಾಸಿಸ್‌ಗೆ ನಮ್ಮ ಬಳಿ ಸೆಕುಕಿನುಮ್ಯಾಬ್ ಥರದ ಒಳ್ಳೆಯ ಔಷಧಿಗಳಿವೆ, ಐಎಲ್-17 ಎಂಬ ಉರಿಯೂತದ ಇನ್ನೊಂದು ಸಂದೇಶವಾಹಕವನ್ನು ತಡೆಯುವಂಥವು. ಚರ್ಮ ನೋಡಿದರೆ ಅದನ್ನೇ ಬರೆಯೋಣ ಅನ್ನಿಸುತ್ತದೆ. ಆದರೆ ಕ್ರೋನ್ಸ್‌ಗೆ ಅದನ್ನು ಪರೀಕ್ಷೆ ಮಾಡಿದಾಗ ಹೊಟ್ಟೆ ಕೆಟ್ಟದ್ದೇ ಜಾಸ್ತಿ. ನೀವು ಚರ್ಮದ ಡಾಕ್ಟರ ಹತ್ತಿರ ಹೋಗಿ "ನನಗೆ ಸೋರಿಯಾಸಿಸ್" ಎಂದಷ್ಟೇ ಹೇಳಿದರೆ ಈ ಅಪಾಯ ಇದೆ. "ನನಗೆ ಕ್ರೋನ್ಸ್, ಈ ಇಂಜೆಕ್ಷನ್ ನಡೆಯುತ್ತಿದೆ" ಎಂಬುದು ನಿಮ್ಮ ಮೊದಲ ವಾಕ್ಯ ಆಗಬೇಕು. ಪ್ರೆಡ್ನಿಸೋಲೋನ್ ಮಾತ್ರೆ ನಾಲ್ಕು ದಿನ ನುಂಗಿ ಕೈ ಸರಿಮಾಡಿಕೊಳ್ಳುವ ಉಪಾಯವೂ ಬೇಡ, ನಿಲ್ಲಿಸಿದಾಗ ಕೀವುಗುಳ್ಳೆ ಇಮ್ಮಡಿಯಾಗಿ ಏಳಬಹುದು.

ಜೋಳದರೊಟ್ಟಿ · ಕಲಬುರಗಿ

ನನ್ನದು ಅಲ್ಸರೇಟಿವ್ ಕೊಲೈಟಿಸ್, ದೊಡ್ಡಕರುಳಿನಲ್ಲಿ ಹುಣ್ಣಾಗುವ ಕಾಯಿಲೆ. ಟೋಫಾಸಿಟಿನಿಬ್ ಮಾತ್ರೆ, ಇದೂ ರೋಗನಿರೋಧಕ ಶಕ್ತಿ ತಗ್ಗಿಸುವಂಥದ್ದೇ. ಇದು ಬಯೋಲಾಜಿಕ್ ಅಲ್ಲ ಎಂದು ಯಾರಾದರೂ ತಿದ್ದುವ ಮೊದಲೇ ನಾನೇ ಒಪ್ಪಿಕೊಳ್ಳುತ್ತೇನೆ. ಆದರೆ ಸೂಜಿಯ ಖರ್ಚು ತಾಳದೆ ಇದಕ್ಕೆ ಬಂದವರು ಇಲ್ಲಿ ತುಂಬ ಇದ್ದಾರೆ, ಅವರಿಗಾಗಿ ಬರೆಯುತ್ತಿದ್ದೇನೆ.

ಬಲ ಪಕ್ಕೆಯಲ್ಲಿ ಎರಡು ದಿನ ಬೆಂಕಿ ಇಟ್ಟಂತೆ ಉರಿ. ಮೂರನೇ ದಿನ ಅದೇ ಜಾಗದಲ್ಲಿ ಪಟ್ಟಿಯ ಥರ ನೀರುಗುಳ್ಳೆ. ಅವ್ವ ನೋಡಿದವಳೇ "ಸರ್ಪಸುತ್ತು" ಎಂದಳು. ರೋಗ ಗುರುತಿಸುವುದರಲ್ಲಿ ಅವ್ವ ಸರಿ. ಆಮೇಲೆ ಕೆಮ್ಮಣ್ಣು ಹಚ್ಚಿಸಲು ಕರೆದುಕೊಂಡು ಹೋದಳು, ತಲೆ ಬಾಲ ಕೂಡಿದರೆ ಉಳಿಯುವುದಿಲ್ಲ ಎಂಬ ಹೆದರಿಕೆ ಬೇರೆ. ಅಲ್ಲಿ ಒಂದೂವರೆ ದಿನ ಹಾಳಾಯಿತು. ಇದಕ್ಕೆ ಆಸೈಕ್ಲೋವಿರ್ ಥರದ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಫಲ. ನಾನು ಕೊನೇ ಬಸ್ ಹಿಡಿದ ಹಾಗೆ ಹಿಡಿದೆ. ಗುಳ್ಳೆ ಒಣಗಿ ನಾಲ್ಕು ತಿಂಗಳಾದರೂ ಅಂಗಿ ತಾಗಿದರೆ ಜುಮ್ಮೆನ್ನುತ್ತದೆ.

ಇದು ಚಿಕ್ಕಂದಿನ ಅಮ್ಮ, ಅಂದರೆ ಚಿಕನ್‌ಪಾಕ್ಸ್, ಅದರ ವೈರಸ್ಸೇ ಮತ್ತೆ ಏಳುವುದು. ಲಸಿಕೆ ಇದೆ, ಶಿಂಗ್ರಿಕ್ಸ್ ಎಂದು, 2023ರಲ್ಲಿ ನಮ್ಮ ದೇಶಕ್ಕೆ ಬಂತು. ಜೀವಂತ ವೈರಸ್ ಇಲ್ಲದ ಲಸಿಕೆ, ಎರಡು ಡೋಸ್. ದುಬಾರಿ. ಔಷಧಿ ಶುರುವಾಗುವ ಮೊದಲೇ ಕೇಳಿ ಎಂದು ನನಗೆ ಯಾರೂ ಹೇಳಿರಲಿಲ್ಲ.

ಕಲ್ಪತರು_ಕಾಯಿ · ತುಮಕೂರು

ನಾನೂ ಒಂದು ಎಡವಟ್ಟು ಹೇಳುತ್ತೇನೆ. ಸೊಂಟದಲ್ಲಿ ದುಂಡಗೆ ತುರಿಕೆ. ಈ ಥರದ ಬರಹಗಳನ್ನೇ ಓದಿ ಓದಿ "ಉಲ್ಟಾ ಸೋರಿಯಾಸಿಸ್" ಎಂದು ನಾನೇ ತೀರ್ಮಾನ ಮಾಡಿದೆ. ಮೆಡಿಕಲ್ ಶಾಪಿನವನು ಮೂರು ಔಷಧಿ ಬೆರೆಸಿದ ಟ್ಯೂಬ್ ಕೊಟ್ಟ. ಎರಡು ದಿನ ಸ್ವರ್ಗ. ವಾರಕ್ಕೆ ಅಂಗೈ ಅಗಲ ಆಯಿತು. ನೋಡಿದರೆ ಹುಳುಕಡ್ಡಿ! ಟ್ಯೂಬಿನಲ್ಲಿದ್ದ ಸ್ಟೆರಾಯ್ಡ್ ಅದಕ್ಕೆ ಗೊಬ್ಬರ ಹಾಕಿದ ಹಾಗಾಗಿತ್ತು. ಇಂಥ ಮುಲಾಮುಗಳನ್ನು ಚೀಟಿ ಇಲ್ಲದೆ ಕೊಡಬಾರದು ಎಂದು 2018ರಲ್ಲೇ ನಿಯಮ ಬಂದಿದೆ, ಕೇಳುವವರು ಯಾರು.

ಚರ್ಮದ ಡಾಕ್ಟರು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಪಕ್ಕದಲ್ಲಿ ಇನ್ನೊಂದು ಮಾಸಲು ಮಚ್ಚೆ ಇತ್ತು, ಅದಕ್ಕೆ ಹತ್ತಿಯ ಎಳೆ ತಾಗಿಸಿ "ಗೊತ್ತಾಗುತ್ತಾ?" ಎಂದು ಕೇಳಿದರು. ಸ್ಪರ್ಶ ಇಲ್ಲದಿದ್ದರೆ ಕುಷ್ಠದ ಕಡೆ ಯೋಚಿಸಬೇಕಂತೆ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯಲ್ಲಿದ್ದಾಗ ನಮ್ಮ ದೇಶದಲ್ಲಿ ಇದನ್ನೂ ಚರ್ಮದ ಟಿಬಿಯನ್ನೂ ಮರೆಯುವ ಹಾಗಿಲ್ಲ. ನನಗೆ ಗೊತ್ತಾಯಿತು. ಅವತ್ತು ಕುಡಿದ ಕಾಫಿಯ ರುಚಿ ಇನ್ನೂ ನೆನಪಿದೆ.

ಹೊಸಬ_ಪೆನ್ · ಬೆಂಗಳೂರು

ನಡುವೆ ಬಾಯಿ ಹಾಕುತ್ತಿದ್ದೇನೆ. ನನಗೆ ಇಂಜೆಕ್ಷನ್ ಚುಚ್ಚಿದ ಜಾಗದಲ್ಲಿ ಮಾತ್ರ ರೂಪಾಯಿ ಅಗಲ ಊತ, ತುರಿಕೆ. ಮೂರು ದಿನಕ್ಕೆ ಹೋಗುತ್ತದೆ. ಇದೂ ಅದೇನಾ?

ಗಿರ್ಮಿಟ್_ಗೆಳೆಯ

ಅಲ್ಲ. ಅದು ಶುರುವಿನ ತಿಂಗಳುಗಳಲ್ಲಿ ಸುಮಾರು ಜನಕ್ಕೆ ಆಗುತ್ತದೆ, ಕ್ರಮೇಣ ತಗ್ಗುತ್ತದೆ. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹಾಗೇ ಇಡಿ, ಬಿಸಿನೀರಿಗೆ ಮಾತ್ರ ಹಾಕಬೇಡಿ. ಸ್ಪಿರಿಟ್ ಆರಿದ ಮೇಲೆ ಚುಚ್ಚಿ. ಒಂದು ಸಲ ಎಡತೊಡೆ, ಮುಂದಿನ ಸಲ ಬಲ, ಆಮೇಲೆ ಹೊಟ್ಟೆ, ಹೊಕ್ಕುಳಿಂದ ಎರಡು ಇಂಚು ದೂರ. ಆಮೇಲೆ ತಣ್ಣನೆ ಬಟ್ಟೆ. ಉಸಿರು ಕಟ್ಟಿದರೆ, ತುಟಿ ಊದಿದರೆ, ಅದು ಬೇರೆ ಕಥೆ, ಓಡಿ.

ಮಗನ_ಅಮ್ಮ · ಹಾಸನ

ನನ್ನ ಮಗನಿಗೆ 14. ಇನ್‌ಫ್ಲಿಕ್ಸಿಮ್ಯಾಬ್ ಒಂದು ವರ್ಷ. ತೂಕ ಒಂಬತ್ತು ಕೆ.ಜಿ. ಏರಿದೆ, ಎತ್ತರ ಆಗಿದ್ದಾನೆ. ಆದರೆ ಕಿವಿಯ ಹಿಂದೆ ಒಡೆದು ಕೀವು ಜಿನುಗುತ್ತದೆ, ತಲೆಯಲ್ಲಿ ಎರಡು ಕಡೆ ಕೂದಲು ಉದುರಿ ಬೋಳು. ಸಲೂನಿನಲ್ಲಿ ಅವನ ತಲೆ ನೋಡಿ ಬಾಚಣಿಗೆ ಪಕ್ಕಕ್ಕಿಟ್ಟರು, ಆಮೇಲಿಂದ ಮನೆಯಲ್ಲಿ ನಾನೇ ಕತ್ತರಿಸುತ್ತೇನೆ. "ಹೊಟ್ಟೆನೋವೇ ವಾಸಿ ಇತ್ತಮ್ಮ, ಅದು ಯಾರಿಗೂ ಕಾಣ್ತಿರಲಿಲ್ಲ" ಎಂದ ಮೊನ್ನೆ. ಏನು ಹೇಳಲಿ?

ಸಿಪ್ಪೆಸುಲಿ · ಮೈಸೂರು · ಚರ್ಮವೈದ್ಯೆ

ಅಮ್ಮ, ಮಕ್ಕಳಲ್ಲಿ ತಲೆ ಮತ್ತು ಕಿವಿಯ ಸುತ್ತ ಬರುವುದು ನಾವು ನೋಡುವ ಸಂಗತಿಯೇ. ಕೂದಲು ಉದುರುತ್ತಿದ್ದರೆ ತಡ ಮಾಡಬೇಡಿ. ಬೇಗ ಹಿಡಿದರೆ ಮತ್ತೆ ಬೆಳೆಯುತ್ತದೆ, ತುಂಬ ದಿನ ಬಿಟ್ಟರೆ ಕಲೆಗಟ್ಟಬಹುದು. ಜಿನುಗುವ ಕಡೆ ನಿಜವಾದ ಸೋಂಕೂ ಸೇರಿಕೊಂಡಿರಬಹುದು, ಅದನ್ನು ಪರೀಕ್ಷಿಸಬೇಕು. ಅವನ ಮಾತನ್ನು ಗ್ಯಾಸ್ಟ್ರೋ ಡಾಕ್ಟರಿಗೆ ಹಾಗೆಯೇ ಹೇಳಿ. ಔಷಧಿ ಬದಲಿಸಬೇಕೇ ಎಂದು ತೀರ್ಮಾನಿಸುವಾಗ ಎಷ್ಟು ಚರ್ಮ ಕೆಟ್ಟಿದೆ ಎನ್ನುವುದರ ಜೊತೆ, ಹುಡುಗ ಸ್ಕೂಲಿಗೆ ಹೋಗಲು ಹಿಂಜರಿಯುತ್ತಾನಾ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಬೆಣ್ಣೆದೋಸೆ_ಬಿಟ್ಟವಳು · ಮೂರು ವಾರದ ನಂತರ

ಫೋಟೋ ನೋಡಿ ಎರಡನೇ ದಿನವೇ ಕರೆದರು. ಗುರುವಾರದ ಡೋಸ್ ಹಾಕಿಸಿಕೊಂಡೆ. ಚರ್ಮದ ಡಾಕ್ಟರು ಬಯಾಪ್ಸಿ ಮಾಡಿ ಸೋರಿಯಾಸಿಸ್ ಥರದ್ದೇ ಎಂದರು. ನನಗೆ ಆಶ್ಚರ್ಯ ಆಗಿದ್ದು ಬೇರೆ. ಅವರು ನನ್ನೆದುರಿಗೇ ಗ್ಯಾಸ್ಟ್ರೋ ಡಾಕ್ಟರಿಗೆ ಫೋನ್ ಮಾಡಿದರು. ಇಷ್ಟು ವರ್ಷ ನನ್ನ ಫೈಲ್ ಹೊತ್ತುಕೊಂಡು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಅಂಚೆಯವಳು ನಾನೇ ಆಗಿದ್ದೆ. ನಾಲ್ಕು ನಿಮಿಷದ ಮಾತು. ಮೂರು ತಿಂಗಳು ಮುಲಾಮು, ವಾರಕ್ಕೆ ಎರಡು ಸಲ ಬೆಳಕಿನ ಚಿಕಿತ್ಸೆ, ತಗ್ಗದಿದ್ದರೆ ಗುಂಪು ಬದಲಾವಣೆ ಎಂದು ತೀರ್ಮಾನ ಆಯಿತು.

ರಾತ್ರಿ ಮುಲಾಮು ಹಚ್ಚಿ ಹತ್ತಿಯ ಗ್ಲೌಸ್ ಹಾಕಿ ಮಲಗುತ್ತೇನೆ. ಮದುವೆ ಬ್ಯಾಂಡಿನವಳ ಹಾಗೆ ಕಾಣುತ್ತೇನೆ ಎಂದು ಮಗಳು ನಗುತ್ತಾಳೆ.

ಬೆಣ್ಣೆದೋಸೆ_ಬಿಟ್ಟವಳು · ಏಳು ತಿಂಗಳ ನಂತರ

ಯಾರಾದರೂ ಮುಂದೆ ಹುಡುಕಿಕೊಂಡು ಬಂದರೆ ಇರಲಿ ಎಂದು ಬರೆಯುತ್ತಿದ್ದೇನೆ. ಮುಲಾಮು, ಬೆಳಕು ಎರಡರಿಂದ ತಲೆ ಸರಿಹೋಯಿತು. ಅಂಗಾಲು ಹೋಗಲಿಲ್ಲ. ತರಗತಿಯಲ್ಲಿ ನಿಂತು ಪಾಠ ಮಾಡಲು ಆಗದಷ್ಟು ಒಡೆಯಿತು. ಮೂರು ತಿಂಗಳಿಗೆ ಉಸ್ಟೆಕಿನುಮ್ಯಾಬ್‌ಗೆ ಬದಲಿಸಿದರು. ಮೊದಲ ಡೋಸ್ ಡ್ರಿಪ್ಪಿನಲ್ಲಿ, ನನ್ನ 52 ಕೆ.ಜಿ.ಗೆ 260 ಮಿಲಿಗ್ರಾಂ. ಆಮೇಲೆ 90ರ ಇಂಜೆಕ್ಷನ್.

ಬದಲಾವಣೆ ಸುಲಭ ಇರಲಿಲ್ಲ, ಅದನ್ನೂ ಬರೆಯಬೇಕು. ನಡುವೆ ಆರು ವಾರ ಹೊಟ್ಟೆ ಮತ್ತೆ ಗುರುಗುಟ್ಟಿತು, ಕ್ಯಾಲ್‌ಪ್ರೊಟೆಕ್ಟಿನ್ 310ಕ್ಕೆ ಹೋಯಿತು. ಆ ದಿನಗಳಲ್ಲಿ ಹಳೇ ಇಂಜೆಕ್ಷನ್ನೇ ಬೇಕಿತ್ತು ಅನ್ನಿಸಿದ್ದು ನಿಜ. ಈಗ 95. ಅಂಗಾಲು ಮಾಯ್ದಿದೆ, ಕಲೆ ಇದೆ. ಎರಡು ಉಗುರಲ್ಲಿ ಸಣ್ಣ ಗುಂಡಿಗಳು ಹಾಗೇ ಇವೆ. ಅತ್ತೆ ಉಷ್ಣ ಇಳಿಯಿತು ಎನ್ನುತ್ತಾರೆ, ನಾನು ಹೂಂ ಎನ್ನುತ್ತೇನೆ.

ಮಗನ_ಅಮ್ಮ · ಹಾಸನ

90ರದ್ದು ಎಂಟು ವಾರಕ್ಕೋ, ಹನ್ನೆರಡಕ್ಕೋ? ನಮಗೂ ಅದನ್ನೇ ಯೋಚಿಸುತ್ತಿದ್ದಾರೆ. ಅವನದು ಡೋಸ್ ಬೇರೆ ಇರುತ್ತದೆ, ಗೊತ್ತು.

ಬೆಣ್ಣೆದೋಸೆ_ಬಿಟ್ಟವಳು

ನನಗೆ ಎಂಟು ವಾರಕ್ಕೊಮ್ಮೆ. ಮುಂದಿನದು ಸರಿಯಾಗಿ ಹತ್ತನೇ ಕ್ಲಾಸಿನ ಪೇಪರ್ ತಿದ್ದುವ ವಾರಕ್ಕೆ ಬರುತ್ತದೆ. ಐಸ್ ಬಾಕ್ಸ್ ಹೊತ್ತುಕೊಂಡು ಹೋಗಬೇಕು. ಮಗನ ಡಾಕ್ಟರು ಏನು ಹೇಳಿದರು ಎಂದು ಬರೆಯಿರಿ, ಕಾಯುತ್ತಿರುತ್ತೇನೆ.